ಫ್ಯಾಕ್ಟ್‌ಚೆಕ್: ತುಕ್ಕು ಹಿಡಿದ ಕಬ್ಬಿಣದಿಂದ ಗೋಬರ್ ಗ್ಯಾಸನ್ನು ಮೆಥನಾಲ್ ಮಾಡಬಹುದೇ?

"ತುಕ್ಕು ಹಿಡಿದ ಕಬ್ಬಿಣದ ಪೈಪಿನಲ್ಲಿ ಗೋಬರ್ ಗ್ಯಾಸ್ ಹಾಯಿಸಿ, ಮನೆಯಲ್ಲೇ ಮೆಥನಾಲ್ ಇಂಧನ ಪಡೆಯಿರಿ. ಜರ್ಮನಿಯ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ!" ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಇದರಲ್ಲಿ ಒಂದೆಳೆ ನಿಜವಿದೆ, ಉಳಿದದ್ದು ಅಪಾಯಕಾರಿ.

ನಿಜ ಎಷ್ಟು?
ಗೋಬರ್ ಗ್ಯಾಸಿನ ಮುಖ್ಯ ಅಂಶ ಮೀಥೇನ್. ಅದು ಸುಲಭಕ್ಕೆ ಬೇರೆ ವಸ್ತುಗಳೊಡನೆ ಬೆರೆಯುವುದಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಒಂಟಿ ಕಬ್ಬಿಣದ ಪರಮಾಣು, ಅಂದರೆ ಕಬ್ಬಿಣದ ಅಯಾನು ಕೂಡ ಸಾಮಾನ್ಯ ಉಷ್ಣತೆಯಲ್ಲಿ ಮೀಥೇನನ್ನು ಒಡೆಯಲಾರದು. ಆದರೆ ಆ ಅಯಾನಿಗೆ ಒಂದು ಆಮ್ಲಜನಕ ಅಂಟಿಕೊಂಡರೆ ಮೀಥೇನ್ ಮೆಥನಾಲ್ ಆಗಬಲ್ಲದು. 1990ರಲ್ಲಿ ಬರ್ಲಿನ್‌ನ ಡೆಟ್ಲೆಫ್ ಶ್ರೋಡರ್ ಮತ್ತು ಹೆಲ್ಮುಟ್ ಶ್ವಾರ್ಟ್ಸ್ ಇದನ್ನು ತೋರಿಸಿದರು.

ಅಳೆದದ್ದು ಹೇಗೆ?
ಅವರು ಬಳಸಿದ್ದು ಪೈಪನ್ನಲ್ಲ, ಮಾಸ್ ಸ್ಪೆಕ್ಟ್ರೋಮೀಟರನ್ನು. ಇದರಲ್ಲಿ ಅಯಾನುಗಳನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟು, ಅತಿ ಕಡಿಮೆ ಒತ್ತಡದಲ್ಲಿ ಅನಿಲ ಬಿಡುತ್ತಾರೆ. ಆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸಮಯ ಕಳೆದಂತೆ ಎಷ್ಟು ಅಯಾನು ಉಳಿದಿವೆ, ಯಾವ ಹೊಸ ಅಯಾನು ಹುಟ್ಟಿವೆ ಎಂದು ತೂಕದ ಆಧಾರದಲ್ಲಿ ಎಣಿಸುತ್ತಾರೆ. ಒಂದು ಸೆಕೆಂಡಿನಲ್ಲಿ ಅರ್ಧ ಅಯಾನುಗಳು ಮುಗಿದರೆ, ಅನಿಲವನ್ನು ಎರಡು ಪಟ್ಟು ಮಾಡಿದಾಗ ಅರ್ಧ ಸೆಕೆಂಡಿನಲ್ಲೇ ಅಷ್ಟು ಮುಗಿಯಬೇಕು. ಹೀಗೆ ಕ್ರಿಯೆಯ ವೇಗ ಸಿಗುತ್ತದೆ. ನೀರು, ಗೋಡೆ, ಬೇರೆ ಅಣುಗಳ ಗದ್ದಲವಿಲ್ಲದ ಕಾರಣ, ಒಂದು ಅಯಾನು ಮತ್ತು ಒಂದು ಅಣುವಿನ ನಡುವೆ ಏನಾಯಿತೆಂಬುದು ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಏಕೆ ಆಗದು?
ತುಕ್ಕಿನಲ್ಲಿ ಕಬ್ಬಿಣ ಒಂಟಿ ಅಯಾನಾಗಿ ಹಾರಾಡುತ್ತಿರುವುದಿಲ್ಲ, ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಪ್ರಯೋಗದಲ್ಲೂ ಮೆಥನಾಲ್ ಒಂದೇ ಬರಲಿಲ್ಲ. ಬೇರೆ ಉತ್ಪನ್ನಗಳ ಪಾಲೇ ಹೆಚ್ಚಿತ್ತು. ಮೇಲಾಗಿ, ಆಮ್ಲಜನಕ ಇದ್ದಲ್ಲಿ ಮೀಥೇನಿಗಿಂತ ಮೆಥನಾಲೇ ಬೇಗ ಉತ್ಕರ್ಷಣಗೊಂಡು ಹಾಳಾಗುತ್ತದೆ. ಹಾಗಾಗಿ ಕಾರ್ಖಾನೆಗಳು ಇಂದಿಗೂ ಹೆಚ್ಚಿನ ಶಾಖ, ಒತ್ತಡಗಳ ಸುತ್ತುದಾರಿಯನ್ನೇ ಹಿಡಿದಿವೆ.

ಹಾಗಾದರೆ ಪ್ರಯೋಗದಿಂದ ಏನು ಲಾಭ? ಭತ್ತದ ಗದ್ದೆಯ ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣವಿರುವ ಕಿಣ್ವದಿಂದ ಮೀಥೇನನ್ನು ಮೆಥನಾಲ್ ಮಾಡಬಲ್ಲವು. ಅದರ ಗುಟ್ಟು ತಿಳಿಯಲು, ಒಳ್ಳೆಯ ವೇಗವರ್ಧಕ ರೂಪಿಸಲು ಇಂಥ ಅಳತೆಗಳು ಬೇಕು.

ನಮ್ಮ ತೀರ್ಪು: ಪ್ರಯೋಗ ನಿಜ, ಪೈಪಿನ ಕಥೆ ಸುಳ್ಳು. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಬೆರೆತರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಮೆಥನಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ದಯವಿಟ್ಟು ಪ್ರಯತ್ನಿಸಬೇಡಿ, ಫಾರ್ವರ್ಡ್ ಮಾಡಲೂಬೇಡಿ.