ಗುರುತು ಸಿಗದ ಡಿಸ್ಕಿನ ಇತಿಹಾಸ

ಕಳೆದ ದೀಪಾವಳಿ ಮುಗಿಸಿ ಧಾರವಾಡದಿಂದ ಪುಣೆಗೆ ಹೊರಟಾಗ ಕಾಕಾ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಟ್ಟರು. ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳೆಲ್ಲ ಅದರಲ್ಲಿದ್ದವು. ಎಂಬತ್ತರ ದಶಕದಲ್ಲಿ ಕಾಕಾ ಟೇಪ್ ರೆಕಾರ್ಡರ್ ಮುಂದೆ ಅಜ್ಜಿಯನ್ನು ಕೂಡಿಸಿ ಹನ್ನೊಂದು ಕ್ಯಾಸೆಟ್ ತುಂಬಿಸಿದ್ದರು. ಮುಂದೆ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಅವನ್ನು ಡಿಜಿಟಲ್ ಮಾಡಿಸಿದರು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಆಮೇಲೆ ಕಸಕ್ಕೆ ಹೋದವು. ಹಾಗಾಗಿ ಅಜ್ಜಿಯ ದನಿ ಉಳಿದಿದ್ದು ಆ ಒಂದೇ ಡಿಸ್ಕಿನಲ್ಲಿ.

ನಮ್ಮ ಮನೆಯಲ್ಲಿ 2016ರಲ್ಲಿ ಕೊಂಡ ಒಂದು ನ್ಯಾಸ್ ಪೆಟ್ಟಿಗೆ ಇದೆ. ವೈಫೈ ರೂಟರಿಗೆ ಜೋಡಿಸಿಟ್ಟರೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪುಗಳಿಗೆ ಒಂದೇ ಕಪಾಟಿನಂತೆ ಕೆಲಸ ಮಾಡುವ ಸಂಗ್ರಹ ಪೆಟ್ಟಿಗೆ ಅದು. ಕಾಕಾರ ಡಿಸ್ಕನ್ನು ಅದರ ಹಿಂದಿನ ಯುಎಸ್‌ಬಿ ಕಿಂಡಿಗೆ ಚುಚ್ಚಿದೆ. ದೀಪ ಮಿನುಗಿತು, ಡಿಸ್ಕ್ ತಿರುಗುವ ಸದ್ದೂ ಬಂತು. ಪರದೆಯ ಮೇಲೆ ಮಾತ್ರ ಡಿಸ್ಕನ್ನು ಗುರುತಿಸಲಾಗಿಲ್ಲ, ಫಾರ್ಮ್ಯಾಟ್ ಮಾಡಬೇಕೆ ಎಂಬ ಪ್ರಶ್ನೆ ಮೂಡಿತು.

ಫೋನು ಹಚ್ಚಿದೆ. ಕಾಕಾ ಅಂದರು: "ಡಿಸ್ಕ್ ಕೆಟ್ಟಿಲ್ಲೋ ತಮ್ಮಾ, ನನ್ನ ಲ್ಯಾಪ್‌ಟಾಪಿನ್ಯಾಗ ಮೊನ್ನೆನೂ ನೆಟ್ಟಗ ಓಡೇತಿ. ನೀ ಏನೂ ಒತ್ತಬ್ಯಾಡ."

ಆ ಒಂದು ಮಾತಿನಿಂದ ಅಜ್ಜಿಯ ಪದಗಳು ಉಳಿದವು. ಯಂತ್ರ ಹೇಳಿದ್ದು 'ಕೆಟ್ಟಿದೆ' ಎಂದಲ್ಲ, 'ಗುರುತಿಸಲಾಗಿಲ್ಲ' ಎಂದು. ಈ ಎರಡು ಮಾತುಗಳ ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಕಿಂಡಿ ಒಂದಾಯಿತು

ತೊಂಬತ್ತರ ದಶಕದ ಕಂಪ್ಯೂಟರಿನ ಬೆನ್ನು ನೋಡಿದವರಿಗೆ ನೆನಪಿರಬಹುದು: ಕೀಬೋರ್ಡಿಗೊಂದು ಕಿಂಡಿ, ಮೌಸಿಗೊಂದು, ಪ್ರಿಂಟರಿಗೆ ಇಪ್ಪತ್ತೈದು ಸೂಜಿಗಳ ಅಗಲದ್ದೊಂದು. ಈ ಗೊಂದಲ ನೀಗಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಎನ್‌ಇಸಿ ಸೇರಿದಂತೆ ಏಳು ಕಂಪನಿಗಳು ಕೂಡಿ 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರತಂದವು. ಆ ಕೆಲಸದಲ್ಲಿ ಮುಂದಾಳಾಗಿದ್ದವರಲ್ಲಿ ಒಬ್ಬರು ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ್ದ ಅಜಯ್ ಭಟ್.

ಚುಚ್ಚಿದರೆ ಸಾಕು, ಯಂತ್ರ ತಾನೇ ಗುರುತಿಸುತ್ತದೆ ಎಂಬುದು ಅದರ ಭರವಸೆ. 1998ರ ಏಪ್ರಿಲಿನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಎದುರಿಗೇ ವಿಂಡೋಸ್ 98ರ ಪ್ರದರ್ಶನ ನಡೆಯಿತು. ಸಹೋದ್ಯೋಗಿ ಯುಎಸ್‌ಬಿ ಸ್ಕ್ಯಾನರ್ ಜೋಡಿಸುತ್ತಿದ್ದಂತೆ ಇಡೀ ಪರದೆ ನೀಲಿಯಾಗಿ ಕಂಪ್ಯೂಟರ್ ಕೈಕೊಟ್ಟಿತು. ಇದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂದು ಗೇಟ್ಸ್ ತಮಾಷೆ ಮಾಡಿ ಪಾರಾದರು.

ಮುಂದೆ ಯುಎಸ್‌ಬಿ ಮಾತು ಉಳಿಸಿಕೊಂಡಿತು. 2000ರಲ್ಲಿ ಎರಡನೆಯ ಆವೃತ್ತಿ, 2008ರಲ್ಲಿ ಮೂರನೆಯದು ಬಂದವು. ಆದರೆ ಯುಎಸ್‌ಬಿ ಬಗೆಹರಿಸಿದ್ದು ಬಾಗಿಲಿನ ಸಮಸ್ಯೆಯನ್ನಷ್ಟೇ. ಬಾಗಿಲು ದಾಟಿ ಬಂದ ಡಿಸ್ಕಿನೊಳಗೆ ಏನು ಬರೆದಿದೆ, ಯಾವ ಕ್ರಮದಲ್ಲಿ ಬರೆದಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಲಿಪಿಗಳು ಹಲವು

ಪುಣೆಯ ಪೇಶ್ವೆ ದಫ್ತರದಲ್ಲಿ ರಾಶಿ ರಾಶಿ ಮೋಡಿ ಲಿಪಿಯ ಕಾಗದಗಳಿವೆ. ಭಾಷೆ ಮರಾಠಿಯೇ ಆದರೂ ಇಂದು ಮರಾಠಿ ಬಲ್ಲ ಬಹುತೇಕರಿಗೆ ಅವು ಓದಲು ಬಾರವು. ಕಾಗದ ಗಟ್ಟಿಯಾಗಿದೆ, ಶಾಯಿ ಮಾಸಿಲ್ಲ, ಓದುವವರಿಗೆ ಲಿಪಿ ತಿಳಿಯದು ಅಷ್ಟೇ. ನಮ್ಮ ಹಳೆಯ ಕನ್ನಡ ಕಾಗದಪತ್ರಗಳ ಮೋಡಿ ಬರಹದ ಕಥೆಯೂ ಇದೇ.

ಡಿಸ್ಕಿನ ಮಟ್ಟಿಗೆ ಆ ಲಿಪಿಯ ಹೆಸರು ಫೈಲ್ ಸಿಸ್ಟಂ. ಯಾವ ಫೈಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕವನ್ನು ಡಿಸ್ಕಿನ ಮೇಲೆ ಬರೆದಿಡುವ ಪದ್ಧತಿ ಅದು. ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ಫ್ಲಾಪಿಗಳಿಗೆಂದು ಬರೆದ ಫ್ಯಾಟ್ ಇವುಗಳಲ್ಲಿ ಹಿರಿಯದು. ಅದರ ವಂಶದ ಫ್ಯಾಟ್32 ಬಂದಿದ್ದು 1996ರಲ್ಲಿ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಎನ್‌ಟಿಎಫ್‌ಎಸ್ ತಂದಿತು. ಆಪಲ್ ತನ್ನದೇ ದಾರಿ ಹಿಡಿದು 1985ರಲ್ಲಿ ಎಚ್‌ಎಫ್‌ಎಸ್, 1998ರಲ್ಲಿ ಅದರ ಪ್ಲಸ್ ರೂಪ, 2017ರಲ್ಲಿ ಎಪಿಎಫ್‌ಎಸ್ ಮಾಡಿಕೊಂಡಿತು. ಲಿನಕ್ಸಿನವರು 1992ರಲ್ಲಿ ರೆಮಿ ಕಾರ್ಡ್ ಆರಂಭಿಸಿದ ಎಕ್ಸ್‌ಟ್ ಪದ್ಧತಿಯನ್ನು ಬೆಳೆಸುತ್ತ 2008ರಲ್ಲಿ ಎಕ್ಸ್‌ಟ್4ಕ್ಕೆ ಬಂದರು.

ಎಲ್ಲರೂ ತಮ್ಮ ಯಂತ್ರಕ್ಕೆ ಒಗ್ಗುವುದನ್ನು ಮಾಡಿಕೊಂಡರು. ಪಕ್ಕದ ಮನೆಯವರು ಓದಬಲ್ಲರೇ ಎಂಬುದು ಮೊದಲ ಚಿಂತೆಯಾಗಿರಲಿಲ್ಲ. ಕೆಲವೊಮ್ಮೆ ಓದಬಾರದೆಂಬ ಇರಾದೆಯೂ ಇತ್ತು.

ದುಭಾಷಿಯ ಪೆಟ್ಟಿಗೆ

ನ್ಯಾಸ್ ಪೆಟ್ಟಿಗೆ ಹುಟ್ಟಿದ್ದು ಈ ಗೋಡೆಗಳ ನಡುವೆ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, ಪಿಸಿಗಳು ಸರ್ವರಿನೊಡನೆ ಆಡುವ ಮಾತುಗಳನ್ನು ತಂತಿಯ ಮೇಲೆಯೇ ಕದ್ದು ಕೇಳಿ, ಅರ್ಥ ಬಿಡಿಸಿ ಒಂದು ತಂತ್ರಾಂಶ ಬರೆದರು. ಆ ಭಾಷೆಯ ಹೆಸರು ಎಸ್‌ಎಂಬಿ. ನಿಘಂಟಿನಲ್ಲಿ ಈ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದ ಹುಡುಕಿದಾಗ 'ಸಾಂಬಾ' ಸಿಕ್ಕಿತು, ಅದೇ ಹೆಸರಾಯಿತು. ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಸಾಂಬಾ ಬಳಗಕ್ಕೆ ಕೊಟ್ಟಿದ್ದು 2007ರ ಡಿಸೆಂಬರಿನಲ್ಲಿ, ಅದೂ ಯುರೋಪಿನ ನ್ಯಾಯಾಲಯದಲ್ಲಿ ಸೋತ ಮೇಲೆ, 10,000 ಯೂರೋ ಪಡೆದು.

ಮನೆಬಳಕೆಯ ಬಹುಪಾಲು ನ್ಯಾಸ್‌ಗಳ ಒಳಗಿರುವುದು ಲಿನಕ್ಸ್ ಮತ್ತು ಸಾಂಬಾ. ನಾವು ಎಡವುವುದೂ ಇಲ್ಲಿಯೇ. ನೆಟ್‌ವರ್ಕಿನ ಮೂಲಕ ನ್ಯಾಸ್ ನೋಡುವ ವಿಂಡೋಸ್ ಲ್ಯಾಪ್‌ಟಾಪಿಗೆ ಒಳಗಿನ ಡಿಸ್ಕ್ ಯಾವ ಲಿಪಿಯದೆಂಬುದು ಬೇಕಾಗಿಲ್ಲ, ನಡುವೆ ಸಾಂಬಾ ದುಭಾಷಿಯಾಗಿದೆ. ಆದರೆ ಯುಎಸ್‌ಬಿ ಡಿಸ್ಕನ್ನು ನೇರವಾಗಿ ಪೆಟ್ಟಿಗೆಗೇ ಚುಚ್ಚಿದಾಗ ಓದಬೇಕಾದ್ದು ಒಳಗಿನ ಲಿನಕ್ಸ್. ದುಭಾಷಿಗೆ ಅಲ್ಲಿ ಕೆಲಸವಿಲ್ಲ.

2004ರಲ್ಲಿ ಲಿಂಕ್‌ಸಿಸ್ ಮಾರಿದ ಎನ್‌ಎಸ್‌ಎಲ್‌ಯು2 ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಇದು ಎದ್ದು ಕಂಡಿತ್ತು. ಅದಕ್ಕೆ ತನ್ನದೆಂಬ ಡಿಸ್ಕ್ ಇರಲಿಲ್ಲ, ಎರಡು ಯುಎಸ್‌ಬಿ ಕಿಂಡಿಗಳಿದ್ದವು. ಆರಂಭದಲ್ಲಿ ಅದು ತಾನೇ ಎಕ್ಸ್‌ಟ್3ಕ್ಕೆ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನೇ ಬಳಸುತ್ತಿತ್ತು. ಫ್ಯಾಟ್32, ಎನ್‌ಟಿಎಫ್‌ಎಸ್ ಡಿಸ್ಕುಗಳನ್ನು ಓದಲು ಕಲಿತದ್ದು ಮುಂದಿನ ಆವೃತ್ತಿಗಳಲ್ಲಿ.

ಬೇಲಿ ತೆಗೆದ ದಿನ

ಎನ್‌ಟಿಎಫ್‌ಎಸ್ಸಿನ ಒಳಗುಟ್ಟನ್ನು ಮೈಕ್ರೋಸಾಫ್ಟ್ ಬಹಿರಂಗಪಡಿಸಲಿಲ್ಲ. ಲಿನಕ್ಸಿನವರು ಡಿಸ್ಕಿನ ಮೇಲಿನ ಗುರುತುಗಳನ್ನು ನೋಡಿ ನೋಡಿ ಕಲಿಯಬೇಕಾಯಿತು. ಓದುವುದು ಬೇಗ ಬಂತು, ಧೈರ್ಯವಾಗಿ ಬರೆಯುವುದು ಬಂದಿದ್ದು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಬಂದ ಮೇಲೆ. ಲಿನಕ್ಸ್ ಕರ್ನೆಲಿನೊಳಗೇ ಪೂರ್ಣ ಪ್ರಮಾಣದ ಚಾಲಕ ತಂತ್ರಾಂಶ ಸೇರಿದ್ದು 2021ರ ಅಕ್ಟೋಬರಿನಲ್ಲಿ, ಎನ್‌ಟಿಎಫ್‌ಎಸ್ ಹುಟ್ಟಿದ ಇಪ್ಪತ್ತೆಂಟು ವರ್ಷಗಳ ನಂತರ.

ಫ್ಯಾಟ್32ರ 4 ಜಿಬಿ ಮಿತಿ ಮೀರಲು 2006ರಲ್ಲಿ ಎಕ್ಸ್‌ಫ್ಯಾಟ್ ಬಂತು. 2009ರಲ್ಲಿ 32 ಜಿಬಿ ಮೀರಿದ ಎಸ್‌ಡಿ ಕಾರ್ಡುಗಳಿಗೆ ಅದೇ ನಿಯಮವಾಯಿತು. ಆಪಲ್ ಕೂಡ ಅದನ್ನು ಓದಲು ಕಲಿತ ಮೇಲೆ ವಿಂಡೋಸ್ ಮತ್ತು ಮ್ಯಾಕ್ ನಡುವೆ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಸಹಜ ಆಯ್ಕೆಯಾಯಿತು. ಆದರೆ ಅದಕ್ಕೆ ಪೇಟೆಂಟ್ ಇತ್ತು, ಬಳಸುವ ಕಂಪನಿ ಹಣ ಕಟ್ಟಬೇಕಿತ್ತು. ಫ್ಯಾಟ್‌ನಲ್ಲಿ ಉದ್ದ ಹೆಸರು ಬರೆಯುವ ವಿಧಾನವೂ ಸೇರಿ ಕೆಲವು ಪೇಟೆಂಟುಗಳ ವಿಚಾರವಾಗಿ 2009ರಲ್ಲಿ ಮೈಕ್ರೋಸಾಫ್ಟ್, ಟಾಮ್‌ಟಾಮ್ ಎಂಬ ನಕ್ಷೆಯಂತ್ರ ಕಂಪನಿಯ ಮೇಲೆ ದಾವೆ ಹೂಡಿತ್ತು. ಅದನ್ನು ಕಂಡವರು ಎಕ್ಸ್‌ಫ್ಯಾಟ್ ಮುಟ್ಟಲು ಹಿಂಜರಿದದ್ದು ಸಹಜ. ಕೆಲವು ನ್ಯಾಸ್ ಕಂಪನಿಗಳು ಎಕ್ಸ್‌ಫ್ಯಾಟ್ ಓದುವ ಸೌಲಭ್ಯವನ್ನು ಬೇರೆಯಾಗಿ ಮಾರಿದವು.

ಕೊನೆಗೆ 2019ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತಾನಾಗಿಯೇ ಎಕ್ಸ್‌ಫ್ಯಾಟ್ ನಿಯಮಾವಳಿ ಪ್ರಕಟಿಸಿತು. ಅದೇ ನವೆಂಬರಿನಲ್ಲಿ ಲಿನಕ್ಸಿನ 5.4 ಆವೃತ್ತಿಗೆ ಎಕ್ಸ್‌ಫ್ಯಾಟ್ ಸೇರಿತು. 2020ರ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಬರೆದ ಉತ್ತಮ ಚಾಲಕ ಅದರ ಜಾಗಕ್ಕೆ ಬಂತು.

ನನ್ನ ಪೆಟ್ಟಿಗೆ 2016ರದು, ಅದರ ಲಿನಕ್ಸ್ ಅದಕ್ಕೂ ಹಳೆಯದು. ಹುಬ್ಬಳ್ಳಿಯ ಸ್ಟುಡಿಯೋದಲ್ಲಿದ್ದದ್ದು ಮ್ಯಾಕ್, ಕಾಕಾರ ಬಳಿ ಇದ್ದದ್ದು ವಿಂಡೋಸ್. ಎರಡಕ್ಕೂ ಆಗಲೆಂದು ಸ್ಟುಡಿಯೋದವರು ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಿದ್ದರು. ಅಜ್ಜಿಯ ಪದಗಳ ಮುಂದೆ ಎದ್ದಿದ್ದ ಗೋಡೆ ಇಷ್ಟೇ.

ಒತ್ತುವ ಮುನ್ನ

ಡಿಸ್ಕ್ ಗುರುತು ಸಿಗದಿರಲು ಬೇರೆ ಕಾರಣಗಳೂ ಇವೆ. ದೀಪವೇ ಬರದಿದ್ದರೆ, ತಿರುಗುವ ಬದಲು ಟಿಕ್ ಟಿಕ್ ಎಂದರೆ ಮೊದಲು ವಿದ್ಯುತ್ ನೋಡಿ. ಯುಎಸ್‌ಬಿ 2.0 ಕಿಂಡಿ ನಿಯಮದಂತೆ ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಕೇಬಲ್ ಬದಲಿಸಿ, ಹೊರಗಿನಿಂದ ವಿದ್ಯುತ್ ಪಡೆಯುವ ಹಬ್ ಬಳಸಿ ನೋಡಿ. ಆಗಲೂ ಟಿಕ್ ಟಿಕ್ ನಿಲ್ಲದಿದ್ದರೆ ಡಿಸ್ಕಿಗೇ ಪೆಟ್ಟಾಗಿರಬಹುದು, ಮತ್ತೆ ಮತ್ತೆ ಚುಚ್ಚುವುದನ್ನು ಬಿಟ್ಟು ತಿಳಿದವರಲ್ಲಿಗೆ ಒಯ್ಯಿರಿ.

ಇನ್ನೊಂದು ವಿಭಾಗಪಟ್ಟಿಯ ತೊಡಕು. 1983ರ ಐಬಿಎಂ ಪಿಸಿಯ ಪದ್ಧತಿಯಲ್ಲಿ 512 ಬೈಟುಗಳ ತುಂಡುಗಳನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತಿದ್ದರು. ಲೆಕ್ಕ ಸುಮಾರು 2.2 ಟೆರಾಬೈಟಿಗೆ ಮುಗಿದುಹೋಗುತ್ತದೆ. 2010ರಲ್ಲಿ 3 ಟೆರಾಬೈಟ್ ಡಿಸ್ಕುಗಳು ಬಂದಾಗ ಹಳೆಯ ವಿಂಡೋಸ್ ಎಕ್ಸ್‌ಪಿಗೂ ಒಗ್ಗಲೆಂದು ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳ ಕವಚಗಳು ಒಂದು ಉಪಾಯ ಮಾಡಿದವು: ತುಂಡು 512 ಅಲ್ಲ, 4096 ಬೈಟಿನದು ಎಂದು ಕಂಪ್ಯೂಟರಿಗೆ ತೋರಿಸಿದವು. ಅಂಥ ಕವಚ ಕೆಟ್ಟು, ಒಳಗಿನ ಡಿಸ್ಕನ್ನು ಬೇರೆ ಕವಚಕ್ಕೆ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಡಿಸ್ಕ್ ಆಗ ಖಾಲಿಯಂತೆ ಕಾಣುತ್ತದೆ, ಆದರೆ ಖಾಲಿಯಾಗಿರುವುದಿಲ್ಲ.

ಮೂರನೆಯದು ಬೀಗ. ಬಿಟ್‌ಲಾಕರ್ ಹಾಕಿದ ಡಿಸ್ಕನ್ನು ಸಾಮಾನ್ಯ ನ್ಯಾಸ್ ತೆರೆಯಲಾರದು.

ಈ ಬಗೆಯ ತೊಡಕಿಗೆಲ್ಲ ಮೊದಲು ಮಾಡಬೇಕಾದ್ದು ಒಂದೇ: ಡಿಸ್ಕ್ ಕೊನೆಯ ಸಲ ಎಲ್ಲಿ ಸರಿಯಾಗಿ ತೆರೆದಿತ್ತೋ ಆ ಕಂಪ್ಯೂಟರಿಗೇ ಮತ್ತೆ ಜೋಡಿಸಿ ನೋಡುವುದು. ಅಲ್ಲಿ ತೆರೆದರೆ ನೆಟ್‌ವರ್ಕಿನ ಮೂಲಕ ನ್ಯಾಸ್‌ಗೆ ನಕಲು ಮಾಡಿ. ಸಾಂಬಾ ಇರುವುದೇ ಅದಕ್ಕೆ. ಎರಡು ಕಡೆ ನಕಲು ಆಗುವವರೆಗೆ ಫಾರ್ಮ್ಯಾಟ್ ಮಾತು ಬೇಡ.

ನಾನೂ ಹಾಗೆಯೇ ಮಾಡಿದೆ. ಕಾಕಾರ ಕಂಪ್ಯೂಟರ್ ಧಾರವಾಡದಲ್ಲಿತ್ತು, ಅಂಥದ್ದೇ ವಿಂಡೋಸಿನ ಹೆಂಡತಿಯ ಲ್ಯಾಪ್‌ಟಾಪಿಗೆ ಡಿಸ್ಕ್ ಚುಚ್ಚಿದಾಗ ಹನ್ನೊಂದು ಫೋಲ್ಡರುಗಳೂ ಕಂಡವು. ರಾತ್ರಿ ಊಟದ ಹೊತ್ತಿಗೆ ಎಲ್ಲವೂ ನ್ಯಾಸ್‌ನಲ್ಲಿದ್ದವು. ಇನ್ನೊಂದು ಪ್ರತಿ ಚೆನ್ನೈನಲ್ಲಿರುವ ತಂಗಿಗೆ ಹೋಯಿತು. ಮೂರನೆಯ ಫೈಲಿನಲ್ಲಿ ಅಜ್ಜಿ ಹಾಡು ನಿಲ್ಲಿಸಿ, ಟೇಪ್ ಇನ್ನೂ ಓಡುತ್ತಿದೆಯೇ ಎಂದು ಕಾಕಾರನ್ನು ಕೇಳುತ್ತಾರೆ.

ದಫ್ತರದ ಕಾಗದಗಳಿಗೆ ಭಾಷೆ ಯಾವುದು, ಲಿಪಿ ಯಾವುದು ಎಂದು ಬರೆದಿಟ್ಟರೆ ಮುಂದೆ ಬರುವವನಿಗೆ ದಾರಿ ಸಿಗುತ್ತದೆ. ಅದನ್ನು ನೆನೆದು ಕಾಕಾರ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿದೆ: 'ಅಜ್ಜಿಯ ಪದಗಳು. ಎಕ್ಸ್‌ಫ್ಯಾಟ್. ಓದಲು ಬಾರದಿದ್ದರೆ ಅಳಿಸಬೇಡಿ.'