ಚಿಮಿಣಿ ದೀಪ ಹೋಯಿತು, ದೋಣಿಯ ಎಣ್ಣೆ ಉಳಿಯಿತು

ಉಡುಪಿಯ ಅಂಬಲಪಾಡಿ ಬೈಪಾಸಿನ ಆಚೀಚೆ ಸೋಲಾರ್ ಜಾಹೀರಾತಿಗೆ ಈಗ ಬರವಿಲ್ಲ. ಮಾಡಿನ ಮೇಲೆ ಪ್ಯಾನೆಲ್ ಹಾಕಿಸಿದರೆ ದೇಶದ ತೈಲ ಆಮದು ತಗ್ಗುತ್ತದೆ ಎಂಬ ಮಾತು ಸಭೆ ಸಮಾರಂಭಗಳಲ್ಲೂ ಕೇಳುತ್ತದೆ. ಕೇಳಲು ಚೆಂದ, ಲೆಕ್ಕ ಮಾತ್ರ ಕೂಡುವುದಿಲ್ಲ. ನಮ್ಮ ಮನೆಗೆ ಬರುವ ಕರೆಂಟಿನಲ್ಲಿ ಎಣ್ಣೆಯ ಪಾಲು ಇಲ್ಲವೆನ್ನುವಷ್ಟು ಕಡಿಮೆ. ವಾರಾಹಿಯ ನೀರಿನಿಂದ 460 ಮೆಗಾವಾಟ್, ಕಾಪು ತಾಲೂಕಿನ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಸುಟ್ಟು 1,200 ಮೆಗಾವಾಟ್. ನಮ್ಮ ಸುತ್ತಲಿನ ವಿದ್ಯುತ್ತಿನ ಮೂಲಗಳು ಇಂಥವು. ಮಾಡಿನ ಪ್ಯಾನೆಲ್ ಉಳಿಸುವುದು ಬಹುಪಾಲು ಕಲ್ಲಿದ್ದಲನ್ನು. ಅದೂ ಒಳ್ಳೆಯದೇ. ಆದರೆ ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತೇವೆ, ಅದರ ದೊಡ್ಡ ಪಾಲು ಉರಿಯುವುದು ಲಾರಿ, ಬಸ್ಸು, ಬೈಕು, ಬೋಟುಗಳಲ್ಲಿ. ಬಿಸಿಲು ಈ ಜಿಲ್ಲೆಯಲ್ಲಿ ಎಣ್ಣೆಯನ್ನು ನಿಜವಾಗಿ ಹೊರಹಾಕಿದ್ದು ಚಿಮಿಣಿ ದೀಪದಿಂದ. ಈಗಿನ ಸೋಲಾರ್ ಭಾಷಣಗಳಲ್ಲಿ ಆ ಅಧ್ಯಾಯವೇ ಇರುವುದಿಲ್ಲ.

ಮೊದಲಿನದನ್ನು ಬೇಗ ಹೇಳಿ ಮುಗಿಸಬಹುದು. 1973ರಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದಾಗ ಎಲ್ಲರ ಕಣ್ಣೂ ಸೂರ್ಯನ ಕಡೆ ಹೊರಳಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ಶುರುವಾಯಿತು. 1982ರಲ್ಲಿ ದಿಲ್ಲಿಯಲ್ಲಿ ಅಸಾಂಪ್ರದಾಯಿಕ ಇಂಧನಕ್ಕೊಂದು ಇಲಾಖೆ, 1992ರಲ್ಲಿ ಸಚಿವಾಲಯ. ಲಾಟೀನು ಹಂಚಿದರು, ಫೋಟೊ ತೆಗೆಸಿಕೊಂಡರು. ಬ್ಯಾಟರಿ ಸತ್ತ ಮೇಲೆ ಕೇಳುವವರಿರಲಿಲ್ಲ.

ಕಥೆ ತಿರುಗಿದ್ದು 1995ರಲ್ಲಿ, ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದಾಗ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂದದ್ದು ಎಲ್ಲರಿಗೂ ಗೊತ್ತು. ಆ ದೀಪಗಳ ಹಿಂದೆ ನಮ್ಮ ಬ್ಯಾಂಕುಗಳ ಸಾಲದ ಪುಸ್ತಕ ಇತ್ತೆಂಬುದು ಅಷ್ಟು ಗೊತ್ತಿಲ್ಲ. ನಾನು ಆಗ ಶಾಖೆಯಲ್ಲಿ ಸಾಲದ ಅರ್ಜಿ ನೋಡುತ್ತಿದ್ದವನು. ನಾಲ್ಕು ದೀಪದ ಒಂದು ವ್ಯವಸ್ಥೆಗೆ ಹದಿನೈದು–ಇಪ್ಪತ್ತು ಸಾವಿರ ಬೇಕಿತ್ತು. ಇದರಿಂದ ಆದಾಯ ಏನು ಎಂದು ಮೇಲಿನವರು ಕೇಳುವರು. ಚಿಮಿಣಿ ಎಣ್ಣೆಗೆ ಕೊಡುತ್ತಿದ್ದ ದುಡ್ಡು ಉಳಿಯುತ್ತದಲ್ಲ ಎಂದರೆ, ಅದನ್ನು ಬರೆಯಲು ಫಾರ್ಮಿನಲ್ಲಿ ಕಾಲಂ ಇರುತ್ತಿರಲಿಲ್ಲ.

ಕಾರ್ಕಳದಿಂದ ಮೇಲೆ, ಲೈನು ಎಳೆಯಲಾಗದ ಕಾಡಂಚಿನ ಮನೆಗಳಿಗೆ ಹೋದರೆ ಮೊದಲ ದೀಪ ಎಲ್ಲಿಗೆ ಎಂಬುದರ ಮೇಲೇ ಚರ್ಚೆ. ಗಂಡಸರಿಗೆ ಚಾವಡಿಗೆ ಬೇಕು. ಹೆಂಗಸರು ಒಲೆಯ ಮುಂದೆ ಕೇಳುವರು, ನಾಲ್ಕನೆಯದಕ್ಕೆ ಉದ್ದ ವಯರು ಬಿಡಿಸಿ ಹಟ್ಟಿಗೂ ಬಚ್ಚಲಿಗೂ ಒಂದೇ ದೀಪ ಸಾಕೆನ್ನುವರು. ಹಂಚಿನ ಮೇಲೆ ಪ್ಯಾನೆಲ್ ಕೂರಿಸುವ ಮೊದಲು ಕಂಗಿನ ನೆರಳು ಮಧ್ಯಾಹ್ನ ಎಲ್ಲಿಗೆ ಬೀಳುತ್ತದೆಂದು ನೋಡಬೇಕು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಮನೆಯಲ್ಲಿ ಒಬ್ಬರಿಗಾದರೂ ಕಲಿಸದೆ ಬರುವಂತಿರಲಿಲ್ಲ.

ಕಂತಿನ ವಿಷಯದಲ್ಲಿ ನಮ್ಮ ನೆಲಕ್ಕೆ ಹಳೆಯ ಅನುಭವವಿತ್ತು. 1928ರಿಂದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯವರು ಮನೆ ಬಾಗಿಲಿಗೆ ಬಂದು ದಿನಕ್ಕೆರಡಾಣೆ ಕೂಡಿಸಿದ ಊರು ಇದು. ಶಂಕರಪುರದ ಮಲ್ಲಿಗೆಯವರಿಗೆ ಕಾಸು ದಿನವೂ ಬರುತ್ತದೆ, ಬೀಡಿ ಕಟ್ಟುವವರಿಗೆ ವಾರಕ್ಕೊಮ್ಮೆ, ಅಡಿಕೆಯವರಿಗೆ ವರ್ಷಕ್ಕೆ. ಕಂತನ್ನು ಅದಕ್ಕೆ ಹೊಂದಿಸಿದಲ್ಲಿ ಸಾಲ ಬಾಕಿಯಾಗುತ್ತಿರಲಿಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜತೆ ಸೇರಿ ಸೋಲಾರ್ ಸಾಲದ ಬಡ್ಡಿ ಇಳಿಸಿತು. ಸುಮಾರು 19 ಸಾವಿರ ಮನೆಗಳಿಗೆ ಸಾಲ ಸಿಕ್ಕಿತು. ಬಡ್ಡಿ ಇಳಿದದ್ದಕ್ಕಿಂತ ಮ್ಯಾನೇಜರುಗಳ ಹೆದರಿಕೆ ಇಳಿದದ್ದೇ ಅದರ ದೊಡ್ಡ ಲಾಭ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕಿನವರನ್ನು ಕೂರಿಸಿ ಸೌರ ಸಾಲದ ಪಾಠ ಹೇಳಿತು. ಇದು ಯಾವ ಇತಿಹಾಸದಲ್ಲಿದೆ? 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಸೇರಿತು, ಬೋರ್ಡಿನ ಜತೆ ನೆನಪೂ ಹೋಯಿತು.

2010ರ ರಾಷ್ಟ್ರೀಯ ಸೌರ ಮಿಷನ್ ಬಂದ ಮೇಲೆ ಮಾತೆಲ್ಲ ಮೆಗಾವಾಟಿನದು. ಪಾವಗಡದಲ್ಲಿ ರೈತರಿಂದ 13 ಸಾವಿರ ಎಕರೆ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಪಾರ್ಕ್ ಮಾಡಿದರು. ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು ಎಂಬುದು ಬೇರೆ ಪ್ರಶ್ನೆ. ಇತ್ತೀಚಿನದು 2024ರ ಸೂರ್ಯಘರ್: ಮೂರು ಕಿಲೋವಾಟಿಗೆ 78 ಸಾವಿರ ಸಬ್ಸಿಡಿ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಸಾಧಾರಣ ಮನೆಯವರು ಸಾಲ ಮಾಡಿ ಪ್ಯಾನೆಲ್ ಯಾಕೆ ಹಾಕಿಸುತ್ತಾರೆ? ಹಾಕಿಸುವವರು ಏಸಿ ಇರುವವರು. ಅವರ ಅಂಗಳದಲ್ಲಿ ಎಲೆಕ್ಟ್ರಿಕ್ ಕಾರೂ ಇದ್ದರೆ ಎಣ್ಣೆ ಒಂದಿಷ್ಟು ಉಳಿದೀತು.

ಯಾರೂ ಕೈ ಹಾಕದ ಎಣ್ಣೆ ಇರುವುದು ಮಲ್ಪೆಯಲ್ಲಿ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತದೆ. ಮನೆಯಿಂದ ಹೋದ ಚಿಮಿಣಿ ಎಣ್ಣೆ ಸಮುದ್ರದಲ್ಲಿ ಉರಿಯುತ್ತಲೇ ಇದೆ, ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಬಂದಿಲ್ಲ ಎಂಬ ದೂರೂ ತಪ್ಪಿಲ್ಲ. ಇಲ್ಲಿಗೆ ಸೋಲಾರ್ ತರುವ ತೊಡಕೂ ಸಣ್ಣದಲ್ಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ನಾಡದೋಣಿಯವರ ದುಡಿಮೆ ಆಗಲೇ, ಬಿಸಿಲಿಲ್ಲದಿರುವುದೂ ಆಗಲೇ. ಕೇರಳದ ವೈಕಂನಲ್ಲಿ 2017ರಿಂದ 75 ಮಂದಿಯ ಸೌರದೋಣಿ ‘ಆದಿತ್ಯ’ ಓಡುತ್ತಿದೆ, ಆದರೆ ಅದು ಹಿನ್ನೀರು. ಮಳೆಗಾಲದ ತೂಫಾನಿಗೆ ದೋಣಿಯ ಮೇಲಿನ ಪ್ಯಾನೆಲ್ ನಂಬಿಕೊಂಡು ಇಳಿಯುವಂತಿಲ್ಲ. ದಡದಲ್ಲಿ ಚಾರ್ಜ್ ಮಾಡಿ ಬದಲಾಯಿಸುವ ಬ್ಯಾಟರಿ ಬೇಕು, ಮೋಡದ ದಿನ ಗ್ರಿಡ್ಡಿನ ಆಸರೆ ಬೇಕು, ಕಂತು ಮೀನು ಸಿಕ್ಕ ದಿನಕ್ಕೆ ಹೊಂದಬೇಕು. ಮಣಿಪಾಲದಲ್ಲೂ ನಿಟ್ಟೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಕಂತು ಹೊಂದಿಸಿ ಗೊತ್ತಿರುವ ಬ್ಯಾಂಕುಗಳಿವೆ. ಸೀಮೆಎಣ್ಣೆ ಸಬ್ಸಿಡಿಯದೇ ಒಂದು ಪಾಲು ತೆಗೆದಿಟ್ಟು ಐದಾರು ದೋಣಿಗಳನ್ನು ಒಂದು ಮಳೆಗಾಲ ಓಡಿಸಿ ನೋಡಲಿ. ದಿನದ ಖರ್ಚು ಹೆಚ್ಚೋ ಕಡಿಮೆಯೋ ಎಂದು ದೋಣಿಯವರೇ ಹೇಳುತ್ತಾರೆ.