ಹಸಿರು ಚುಕ್ಕಿಗಿಂತ ಹಳೆಯ ಪ್ರಶ್ನೆ: ಅತ್ತಿ ಹಣ್ಣು ವೆಜ್ಜಾ?

(1/7)
ಫ್ರೆಂಡ್ಸ್, ಈ ಸಲ ಫೋಟೋದಲ್ಲಿ ಬಸದಿ ಇಲ್ಲ, ಶಾಸನ ಇಲ್ಲ. ಒಂದು ಒಡೆದ ಅತ್ತಿ ಹಣ್ಣು ಉಂಟು, ಪಕ್ಕದಲ್ಲಿ ಜೆಲ್ಲಿ ಮಿಠಾಯಿಯ ಖಾಲಿ ಪ್ಯಾಕೆಟ್. ಎಂತ ಸಂಬಂಧ ಅಂತ ಕೇಳ್ತೀರಾ? ಹೇಳ್ತೇನೆ.

ಕಳೆದ ತಿಂಗಳು ಕ್ಲಾಸಿನಲ್ಲಿ ಒಬ್ಬರ ಬರ್ತ್‌ಡೇ. ಮಾವ ವಿದೇಶದಿಂದ ತಂದ ಜೆಲ್ಲಿ ಹಂಚಿದರು. ನನ್ನ ಬೆಂಚಿನವಳು ಬೆಳ್ತಂಗಡಿ ಕಡೆಯ ಜೈನರ ಮನೆಯವಳು. ಎರಡು ತಿಂದಳು. ಮೂರನೆಯದು ಕೈಯಲ್ಲಿರುವಾಗ ಪ್ಯಾಕೆಟ್ ತಿರುಗಿಸಿ ಓದಿದಳು: ಜೆಲಾಟಿನ್. ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಯಾವ ಪ್ರಾಣಿ ಅಂತ ಬರೆದಿರಲಿಲ್ಲ. ಎದ್ದು ಹೋಗಿ ನಳ್ಳಿಯಲ್ಲಿ ಬಾಯಿ ತೊಳೆದಳು. ಮಧ್ಯಾಹ್ನ ಊಟ ಮಾಡಲಿಲ್ಲ. ‘ಗೊತ್ತಿಲ್ಲದೆ ತಿಂದದ್ದಲ್ವಾ, ಎಂತ ಆಗ್ತದೆ ಮಾರಾಯ್ತಿ’ ಅಂದ ಒಬ್ಬ. ‘ಇನ್ನು ನೀನೂ ನಮ್ಮ ಪಾರ್ಟಿ’ ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗು ಸರಿಯಿತ್ತಾ? ಅದನ್ನೇ ಹುಡುಕಿಕೊಂಡು ಹೋದರೆ ನಮ್ಮೂರ ಸಾವಿರ ವರ್ಷದ ಇತಿಹಾಸ ಸಿಕ್ಕಿತು.

(2/7)
ಮೊದಲು ಮ್ಯಾಪ್ ನೋಡಿ. ಮೂಡುಬಿದಿರೆಯಲ್ಲಿ ಚೌಟರು. ವೇಣೂರಿನಲ್ಲಿ ಅಜಿಲರು. ಬೆಳ್ತಂಗಡಿಯ ಬಂಗಾಡಿಯಲ್ಲಿ ಮತ್ತು ಬಂಟ್ವಾಳದ ಪಾಣೆಮಂಗಳೂರು ಹತ್ತಿರದ ನಂದಾವರದಲ್ಲಿ ಬಂಗರು. ಎಲ್ಲರೂ ಜೈನ ಅರಸರು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ, ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. ಅಂದರೆ ನಾವು ದಿನಾ ಬಸ್ಸಿನಲ್ಲಿ ಓಡಾಡುವ ಈ ಮೂರೂ ತಾಲೂಕುಗಳಲ್ಲಿ ‘ಎಂತ ತಿನ್ನಬಹುದು, ಎಂತ ತಿನ್ನಬಾರದು’ ಅಂತ ಕೂದಲು ಸೀಳಿದ ಹಾಗೆ ಯೋಚಿಸಿದ ಜನ ನೂರಾರು ವರ್ಷದಿಂದ ಇದ್ದಾರೆ.

ಅವರ ಲಿಸ್ಟ್ ಸ್ವಾರಸ್ಯವಾಗಿ ಉಂಟು. ಗೃಹಸ್ಥ ಜೈನರಿಗೆ ಎಂಟು ಮೂಲಗುಣಗಳು ಅಂತ ಹೇಳಿದ್ದಾರೆ. ಸುಮಾರು 10ನೇ ಶತಮಾನದ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ದ ಪ್ರಕಾರ ಬಿಡಬೇಕಾದದ್ದು ಇವು: ಮದ್ಯ, ಮಾಂಸ, ಮಧು ಅಂದರೆ ಜೇನು, ಮತ್ತೆ ಐದು ಉದುಂಬರ ಹಣ್ಣುಗಳು. ಅತ್ತಿ, ಆಲ, ಅರಳಿ ಜಾತಿಯ ಹಣ್ಣುಗಳು.

ಮಾಂಸ ಬಿಡಿ ಅಂದರೆ ಅರ್ಥ ಆಗ್ತದೆ. ಮರದ ಹಣ್ಣು ಎಂತ ಮಾಡಿತು?

(3/7)
ಅತ್ತಿ ಹಣ್ಣು ಒಡೆದು ನೋಡಿ. ಒಳಗೆ ಹುಳ, ಪುಟ್ಟ ಪುಟ್ಟ ರೆಕ್ಕೆಯ ಕೀಟಗಳು. ಇದು ಹಣ್ಣು ಹಾಳಾದದ್ದಲ್ಲ, ಆ ಮರ ಬದುಕುವುದೇ ಹಾಗೆ. ಅತ್ತಿಯ ಹೂವು ಹೊರಗೆ ಕಾಣುವುದಿಲ್ಲ, ಕಾಯಿಯ ಒಳಗೇ ಅರಳ್ತದೆ. ಒಂದು ಸಣ್ಣ ಕಣಜ ತುದಿಯ ತೂತಿನಿಂದ ನುಗ್ಗಿ ಪರಾಗ ತಲುಪಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯ್ತದೆ. ಮರಿಗಳು ಒಳಗೇ ಬೆಳೆದು ಹೊರಗೆ ಹಾರ್ತವೆ.

ಮೈಕ್ರೋಸ್ಕೋಪ್ ಇಲ್ಲದ ಕಾಲದಲ್ಲಿ, ಲೇಬಲ್ ಇಲ್ಲದ ಕಾಲದಲ್ಲಿ, ‘ಹೊರಗಿಂದ ನೋಡಲು ಹಣ್ಣು, ಒಳಗೆ ಜೀವ ಉಂಟು’ ಅಂತ ಗುರುತಿಸಿ ಬಿಟ್ಟದ್ದು ಇದು. ಅಡಗಿದ ಪ್ರಾಣಿಯ ಪ್ರಶ್ನೆ ಇಂದಿನ ಪ್ಯಾಕೆಟ್ಟಿನಿಂದ ಶುರುವಾದದ್ದಲ್ಲ!

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವುದು, ಇವೆಲ್ಲ ಅದೇ ಲೆಕ್ಕ. ದೀಪದ ಮಂದ ಬೆಳಕಿನಲ್ಲಿ ಬಟ್ಟಲಿಗೆ ಎಂತ ಬಿತ್ತು ಅಂತ ಕಾಣುವುದಿಲ್ಲ. ಕಾಣದ್ದನ್ನು ಕಾಣುವ ಹಾಗೆ ಮಾಡಿಕೊಳ್ಳುವುದೇ ಆ ನಿಯಮದ ತಿರುಳು.

(4/7)
ಈಗ ಉಲ್ಟಾ ಕೇಸ್. ತಿಂಡಿಯಲ್ಲಿ ಪ್ರಾಣಿ ಇಲ್ಲವೇ ಇಲ್ಲ, ಆದರೂ ಹಿಂಸೆ ಆಗಬಹುದಾ?

ಆಗಬಹುದು ಅಂತ 1209ರಲ್ಲೇ ಹೇಳಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ, ಕೃತಿ ‘ಯಶೋಧರ ಚರಿತೆ’. ಕೆಟ್ಟ ಕನಸಿಗೆ ಪರಿಹಾರವಾಗಿ ದೇವಿಗೆ ಪ್ರಾಣಿಬಲಿ ಕೊಡು ಅಂತ ತಾಯಿ ಚಂದ್ರಮತಿ ಹೇಳ್ತಾಳೆ. ರಾಜ ಯಶೋಧರ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರ್ತಾರೆ: ಹಿಟ್ಟಿನ ಹುಂಜ. ನಮ್ಮ ಲೆಕ್ಕದಲ್ಲಿ ನೂರಕ್ಕೆ ನೂರು ವೆಜ್. ಆದರೆ ಕತ್ತಿ ಬೀಸಿದಾಗ ಆ ಹಿಟ್ಟಿನ ಹುಂಜ ಕೂಗ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಅಂತ ಜನ್ಮದ ಮೇಲೆ ಜನ್ಮ ತಿರುಗಬೇಕಾಗ್ತದೆ.

ಎರಡು ಅಳತೆ ಸಿಕ್ಕಿತು ನೋಡಿ. ಒಂದು, ವಸ್ತುವಿನಲ್ಲಿ ಎಂತ ಉಂಟು. ಇನ್ನೊಂದು, ಮನಸ್ಸಿನಲ್ಲಿ ಎಂತ ಉಂಟು. ನಮ್ಮ ಕ್ಲಾಸಿನಲ್ಲಿ ‘ಗೊತ್ತಿಲ್ಲದೆ ತಿಂದದ್ದಲ್ವಾ’ ಅಂದವನು ಜನ್ನನ ಅಳತೆ ಹಿಡಿದಿದ್ದ, ಅವನಿಗೇ ಗೊತ್ತಿಲ್ಲದೆ. ಬಾಯಿ ತೊಳೆದವಳು ಅತ್ತಿ ಹಣ್ಣಿನ ಅಳತೆ ಹಿಡಿದಿದ್ದಳು.

ಇವೆರಡರ ನಡುವೆ ಮೂರನೆಯದೂ ಉಂಟು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ವಿವರಿಸುವಾಗ ‘ಪ್ರಮಾದ’ ಅನ್ನುವ ಮಾತು ತರ್ತದೆ. ಅಂದರೆ ಎಚ್ಚರ ತಪ್ಪುವುದು. ಬೇಕಂತ ಮಾಡದಿದ್ದರೂ, ನೋಡಬಹುದಿತ್ತು, ನೋಡಲಿಲ್ಲ ಅನ್ನುವ ತಪ್ಪು. ಇದನ್ನು ನೆನಪಿಡಿ, ಕೊನೆಗೆ ಬೇಕಾಗ್ತದೆ.

(5/7)
ಈಗ ಸರ್ಕಾರದ ಅಳತೆ. ಪ್ಯಾಕೆಟ್ ಮೇಲಿನ ಕಂದು ಮತ್ತು ಹಸಿರು ಗುರುತು ಬಂದದ್ದು 2000–2001ರಲ್ಲಿ. ಅದಕ್ಕೂ ಮೊದಲು ಅನುಮಾನಗಳು ಕಡಿಮೆ ಇರಲಿಲ್ಲ. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸ್ತಾರೆ ಅಂತ ದೇಶವಿಡೀ ಗಲಾಟೆ ಆಗಿತ್ತು. 2001ರಲ್ಲಿ ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್‌ನ ಫ್ರೆಂಚ್ ಫ್ರೈಸ್‌ನಲ್ಲಿ ದನದ ಮಾಂಸದಿಂದ ಬಂದ ಫ್ಲೇವರ್ ಉಂಟು ಅಂತ ಕೇಸ್ ಬಿತ್ತು. ಕಂಪನಿ ಕ್ಷಮೆ ಕೇಳಿ, 2002ರಲ್ಲಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಬಟಾಟೆ, ಎಣ್ಣೆ ಎರಡೂ ಗಿಡದ್ದೇ. ಪ್ರಾಣಿ ಇದ್ದದ್ದು ರುಚಿಯಲ್ಲಿ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಓದಿದರೆ ತಮಾಷೆ ಗೊತ್ತಾಗ್ತದೆ. ಪ್ರಾಣಿ, ಹಕ್ಕಿ, ಕೀಟ, ಮೀನು, ಮೊಟ್ಟೆ, ಪ್ರಾಣಿಯಿಂದ ಬಂದ ಯಾವುದಿದ್ದರೂ ನಾನ್‌ವೆಜ್. ಆದರೆ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗಿಗೆ ವಿನಾಯಿತಿ. ಅರಗು ಅಂದರೆ ಅರಗಿನ ಹುಳ ಸ್ರವಿಸುವ ಅಂಟು, ಮಿಠಾಯಿಗೆ ಹೊಳಪು ಕೊಡಲು ಹಚ್ಚುವ 904.

ಹಾಗಾಗಿ ಜೇನಿನ ಬಾಟಲಿಗೆ ಹಸಿರು ಚುಕ್ಕಿ. ಮೂಲಗುಣಗಳ ಲಿಸ್ಟಿನಲ್ಲಿ ಅದೇ ಜೇನು ಮಾಂಸದ ಪಕ್ಕದಲ್ಲೇ ಕೂತಿದೆ. ವೀಗನ್ ಆದವರನ್ನು ಕೇಳಿ, ಹಾಲೂ ಆಗುವುದಿಲ್ಲ ಅಂತಾರೆ. ಚುಕ್ಕಿ ಒಂದೇ, ಕೆಳಗೆ ಇಷ್ಟು ಜನ!

(6/7)
ಇನ್ನೊಂದು ತೊಂದರೆ ನಂಬರುಗಳದ್ದು. ಚಿಪ್ಸ್, ನೂಡಲ್ಸ್ ಹಿಂದೆ 631 ಅಂತ ಇರ್ತದೆ, ರುಚಿ ಹೆಚ್ಚಿಸುವ ಪುಡಿ. ಅದನ್ನು ಮೀನು, ಮಾಂಸದಿಂದಲೂ ಮಾಡಬಹುದು, ಮರಗೆಣಸಿನ ಪಿಷ್ಟದಿಂದಲೂ ಮಾಡಬಹುದು. ನಂಬರ್ ಎರಡಕ್ಕೂ ಒಂದೇ. 120 ಅಂದರೆ ಕಾರ್ಮೈನ್, ಕೆಂಪು ಬಣ್ಣ, ಒಂದು ಹುಳವನ್ನು ಒಣಗಿಸಿ ತೆಗೆದದ್ದು. ಮಾತ್ರೆಯ ಕ್ಯಾಪ್ಸೂಲ್ ಹೆಚ್ಚಿನವು ಜೆಲಾಟಿನ್.

2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದೇ 631ರ ಉದಾಹರಣೆ ತಗೊಂಡು ಹೇಳಿತು: ಬರೀ ನಂಬರ್ ಸಾಲದು, ಅದು ಗಿಡದ್ದೋ ಪ್ರಾಣಿಯದ್ದೋ ಅಂತಲೂ ತಿಳಿಸಬೇಕು, ಪ್ರಮಾಣ ಎಷ್ಟೇ ಕಡಿಮೆ ಇರಲಿ. ತಿನ್ನುವವರಿಗೆ ಗೊತ್ತಾಗುವುದು ಅವರ ಹಕ್ಕು.

ಈಗ ಪ್ರಮಾದದ ಮಾತಿಗೆ ಬನ್ನಿ. ಎಚ್ಚರ ವಹಿಸಿ ಅಂತ ಹಿರಿಯರು ಹೇಳಿದರು, ಸರಿ. ಅತ್ತಿ ಹಣ್ಣನ್ನು ಒಡೆದು ನೋಡಬಹುದು, ನೀರನ್ನು ಸೋಸಬಹುದು. 631 ಅನ್ನುವ ನಂಬರನ್ನು ಒಡೆದು ನೋಡುವುದು ಹೇಗೆ? ನೋಡಲು ದಾರಿಯೇ ಇಲ್ಲದಾಗ ತಪ್ಪು ತಿಂದವರದ್ದಲ್ಲ, ಮುಚ್ಚಿಟ್ಟವರದ್ದು. ನನಗೆ ಸಿಕ್ಕಿದ ಉತ್ತರ ಇದು.

(7/7)
ಒಂದು ಎಚ್ಚರಿಕೆ ಮಾತ್ರ. ಇದನ್ನು ಓದಿ ಯಾರೂ ಇನ್ನೊಬ್ಬರ ಟಿಫಿನ್ ಬಾಕ್ಸ್ ಚೆಕ್ ಮಾಡಲು ಹೋಗಬೇಡಿ. ನಾನು ಬಂಟ್ವಾಳದವನು. ನಮ್ಮ ಮನೆಯಲ್ಲಿ ಸೋಮವಾರ ಮತ್ತು ಸಂಕ್ರಮಣಕ್ಕೆ ಮೀನಿಲ್ಲ, ಮಂಗಳವಾರ ಬಂಗುಡೆ ಪುಳಿಮುಂಚಿ. ನಮ್ಮ ಬೀದಿಯ ಕೊಂಕಣಿ ಮಾತಾಡುವ ಬ್ರಾಹ್ಮಣರ ಮನೆಗಳಲ್ಲೂ ಮೀನು ತಿನ್ನುವವರಿದ್ದಾರೆ. ಸೋಮವಾರ ನಮ್ಮ ಅಮ್ಮ ಮೀನಿನ ಪಾತ್ರೆ ಬೇರೆ ಇಡ್ತಾರೆ, ಅದೂ ಒಂದು ಎಚ್ಚರವೇ. ಯಾರ ಗೆರೆ ಎಲ್ಲಿ ಅಂತ ಅವರವರೇ ಎಳೆದುಕೊಳ್ತಾರೆ. ಇಲ್ಲಿ ಜಾಣತನ ಅಂದರೆ ಇನ್ನೊಬ್ಬರ ಗೆರೆ ಗೊತ್ತಿದ್ದ ಮೇಲೆ ಅದನ್ನು ಅಳಿಸದೆ ಇರುವುದು. ಚಟ್ನಿಗೆ ಒಣ ಸಿಗಡಿ ಹಾಕಿದ್ದರೆ ಬಡಿಸುವ ಮೊದಲೇ ಹೇಳುವುದು.

ಮೊನ್ನೆ ನನ್ನ ಬೆಂಚಿನವಳಿಗೆ ಸಾರಿ ಹೇಳಿದೆ. ‘ಎಂತಕ್ಕೆ, ಜೆಲ್ಲಿ ಕೊಟ್ಟದ್ದು ನೀನಲ್ಲ’ ಅಂದಳು. ‘ನಕ್ಕದ್ದು ನಾನಲ್ವಾ’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿ ಇನ್ನೂ ನಳ್ಳಿಗೆ ಬಿಳಿ ಬಟ್ಟೆ ಕಟ್ಟಿಯೇ ನೀರು ಹಿಡಿಯುವುದು ಅಂತ ಹೇಳಿದಳು. ಮುಂದಿನ ಸಲ ಮನೆಗೆ ಬಂದರೆ ಫೋಟೋ ತೆಗೆಯಬಹುದಂತೆ.

ನಿಮ್ಮ ಮನೆಯಲ್ಲಿ ಗೆರೆ ಎಲ್ಲುಂಟು? ಜೇನು, ಮೊಟ್ಟೆ, ಬೆಳ್ಳುಳ್ಳಿ, ಸೋಮವಾರ? ಅಜ್ಜಿಯನ್ನು ಕೇಳಿ ಕೆಳಗೆ ಬರೆಯಿರಿ. ಮನೆಯಲ್ಲಿರುವ ಒಂದು ಪ್ಯಾಕೆಟ್ ತಿರುಗಿಸಿ ನಂಬರುಗಳನ್ನೂ ಓದಿ. ನಗಬೇಡಿ, ಓದಿ.

#ನಮ್ಮೂರಇತಿಹಾಸ #ಮೂಡುಬಿದಿರೆ #ಬೆಳ್ತಂಗಡಿ #ಬಂಟ್ವಾಳ